ಅಪ್ಪನ ಮೇಲಿನ ದೂರು ಬರೆಯುತ್ತಾ ಪ್ರಾರ್ಥನೆಗೆ ಮರಳಿದ್ದು: ನನ್ನ ಅನುಭವ

ಅಪ್ಪನಿಗೂ ನನಗೂ ಒಂಬತ್ತು ವರ್ಷ ಮಾತಿರಲಿಲ್ಲ. ಕುಡಿತ, ಹೊಡೆತ, ಆಮೇಲೆ ಮನೆ ಪಾಲಿನ ಜಗಳ. ಹೇಳುತ್ತಾ ಹೋದರೆ ಮುಗಿಯಲ್ಲ, ಬಿಡಿ. ಅವರು ತೀರಿಕೊಂಡ ಸುದ್ದಿ ಬಂದಾಗ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ, ಒಂದು ಹಿಡಿ ಮಣ್ಣು ಹಾಕಿ, ಕಣ್ಣಲ್ಲಿ ಹನಿಯೂ ಇಲ್ಲದೆ ವಾಪಸ್ ಬಸ್ ಹತ್ತಿದೆ. ಅಳು ಬಂದದ್ದು ಮೂರು ವಾರ ಬಿಟ್ಟು, ಮಾರ್ಕೆಟ್ಟಿನಲ್ಲಿ ಯಾರೋ ಒಬ್ಬರು ಮಗಳಿಗೆ ಪೇರಲ ಹಣ್ಣು ಆರಿಸಿ ಕೊಡುತ್ತಿದ್ದಾಗ. ಯಾರಿಗಾಗಿ ಅಳುತ್ತಿದ್ದೇನೆ ಅಂತ ನನಗೇ ಗೊತ್ತಾಗಲಿಲ್ಲ.

ನೆಂಟರದ್ದು ಒಂದೇ ಮಾತು, "ಕ್ಷಮಿಸಿಬಿಡವ್ವ." ಒಬ್ಬರಂತೂ ತಂದೆತಾಯಿಗಳನ್ನು ಸನ್ಮಾನಿಸಬೇಕು ಅನ್ನೋ ಆಜ್ಞೆಯನ್ನು ಊಟಕ್ಕೆ ಕೂತಾಗಲೇ ನೆನಪಿಸಿದರು. ಚರ್ಚಿನಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನುವ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು, ಸುಮ್ನೆ ತುಟಿ ಆಡಿಸುತ್ತಿದ್ದೆ.

ಕೈ ಹಿಡಿದದ್ದು ಬೈಬಲಿನ 88ನೇ ಕೀರ್ತನೆ. ಕೀರ್ತನೆಗಳಲ್ಲಿ ಗೋಳು ತೋಡಿಕೊಳ್ಳುವವರು ಬಹಳ ಜನ, ಆದರೆ ಹೆಚ್ಚಿನವರು ಕೊನೆಗೆ ಸ್ತುತಿಗೆ ತಿರುಗುತ್ತಾರೆ. ಇದು ತಿರುಗುವುದೇ ಇಲ್ಲ. 18 ವಚನ, ಕೊನೆಯಲ್ಲೂ ಕತ್ತಲೆಯೇ. ಇಂಥದ್ದನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರಲ್ಲ ಅಂತ ಒಂಥರಾ ನಿರಾಳವಾಯಿತು. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಅಡುಗೆಮನೆಯಲ್ಲೇ ಕೂತು ಅದನ್ನು ಗಟ್ಟಿಯಾಗಿ ಓದುವುದು, ಆಮೇಲೆ ನೋಟ್‌ಬುಕ್ಕಿನಲ್ಲಿ ಅಪ್ಪನ ಮೇಲೆ ಒಂದು ದೂರು ಬರೆಯುವುದು. ಒಂದೇ. ಮೊದಲ ದಿನ ನಾಲ್ಕು ಪುಟ ಬರೆದು ಬೆಳಗಿನ ತನಕ ನಿದ್ದೆ ಬರಲಿಲ್ಲ, ಅದಕ್ಕೇ ಈ ಲೆಕ್ಕ. ಕ್ಷಮಿಸಿದ್ದೇನೆ ಅಂತ ಬರೆಯುತ್ತಿರಲಿಲ್ಲ, ಸುಳ್ಳಾಗುತ್ತಿತ್ತು. ಒಂದು ರಾತ್ರಿ ದೂರು ಬರೆಯಲು ಕೂತರೆ, ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾ ಹಾಡು ಗುನುಗುತ್ತಿದ್ದ ಅಪ್ಪ ನೆನಪಾದರು. ಅದನ್ನೂ ಬರೆದೆ.

ಬೈಬಲಿನ ಯೋಸೇಫ ತನ್ನನ್ನು ಮಾರಿಬಿಟ್ಟ ಅಣ್ಣಂದಿರನ್ನು ಕ್ಷಮಿಸಿದ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೂ ಮುಂಚೆ ಅವರನ್ನು ಮೂರು ದಿನ ಕಾವಲಲ್ಲಿ ಇಡಿಸಿದ್ದನ್ನು ಯಾರೂ ಹೇಳಲ್ಲ. ಆದಿಕಾಂಡ 43ರಲ್ಲಿ ಅವನು ತಮ್ಮನನ್ನು ನೋಡಿ ತಡೆಯಲಾರದೆ ಒಳಗಿನ ಕೋಣೆಗೆ ಹೋಗಿ ಅಳುತ್ತಾನೆ, ಮುಖ ತೊಳೆದುಕೊಂಡು ಬಂದು ಊಟ ಬಡಿಸಿ ಅನ್ನುತ್ತಾನೆ. ಆಫೀಸಿನ ಬಾತ್‌ರೂಮಿನಲ್ಲಿ ನಾನು ಎಷ್ಟು ಸಲ ಹಾಗೆ ಮುಖ ತೊಳೆದುಕೊಂಡು ಬಂದಿದ್ದೇನೋ!

ಆಮೇಲೆ ಮಾರ್ಕನ ಸುವಾರ್ತೆ 14:36. ಸೆರೆಸಿಕ್ಕುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸುತ್ತಾ ಯೇಸು ದೇವರನ್ನು ಕರೆದ "ಅಬ್ಬಾ" (ಅರಾಮಿಕ್ ಭಾಷೆಯಲ್ಲಿ ತಂದೆ) ನಮ್ಮ ಕನ್ನಡ ಬೈಬಲಿನಲ್ಲಿ "ಅಪ್ಪಾ" ಆಗಿದೆ. ಮೊದಲು ಸಿಟ್ಟೇ ಬಂತು, ಇದೂ ಬೇಕಿತ್ತಾ ಅಂತ. ಆದರೆ ಆ ರಾತ್ರಿ ಆತ ತೊಲಗಿಸು ಅಂತ ಕೇಳಿಕೊಂಡ ಸಂಕಟದ ಪಾತ್ರೆ ತೊಲಗಲಿಲ್ಲ, ಅಲ್ವಾ? ಅಪ್ಪಾ ಅಂತ ಕರೆದು, ಉತ್ತರ ಬಾರದೆ ಕೂತವನ ಪಕ್ಕ ಕೂರಲು ನನಗೆ ಅಷ್ಟು ಕಷ್ಟವಾಗಲಿಲ್ಲ. ಈಗ ಚರ್ಚಿನಲ್ಲಿ "ನಮ್ಮ ತಂದೆಯೇ" ಪ್ರಾರ್ಥನೆಯ ಮೊದಲ ಸಾಲನ್ನು ಬಾಯಿಬಿಟ್ಟು ಹೇಳುತ್ತೇನೆ, ಎಲ್ಲ ಭಾನುವಾರವೂ ಅಲ್ಲ.

ಒಂದು ಮಾತು. ಮನೆಯಲ್ಲಿ ಈಗಲೂ ಹೊಡೆತ ನಡೆಯುತ್ತಿದ್ದರೆ ಕೀರ್ತನೆ ಆಮೇಲೆ ಓದಬಹುದು, ಮೊದಲು ಅಲ್ಲಿಂದ ಹೊರಗೆ ಬನ್ನಿ. ಮಹಿಳೆಯರಿಗೆ 181 ಸಹಾಯವಾಣಿ ಇದೆ. ನಮ್ಮ ಅವ್ವನಿಗೆ ಹೀಗೆ ಹೇಳುವವರು ಯಾರೂ ಇರಲಿಲ್ಲ.

ನನ್ನ ತಮ್ಮ ನನ್ನ ಜೊತೆ ಇನ್ನೂ ಮಾತಾಡುತ್ತಿಲ್ಲ. ಕ್ರಿಸ್ಮಸ್ಸಿಗೆ ಕಳಿಸಿದ ಮೆಸೇಜಿಗೆ ನೀಲಿ ಟಿಕ್ ಬಂದಿದೆ, ಅಷ್ಟೇ. ನೋಟ್‌ಬುಕ್ಕಿನಲ್ಲಿ ಈಗ ಅವನ ಹೆಸರಿನ ಪುಟ ಶುರುವಾಗಿದೆ.