ಗ್ರಾನೈಟ್ ಹಾಸುಗಲ್ಲು ಯುರೋಪಿಗೆ: ಸಿಇ ಗುರುತಿನ ಕಾಗದಪತ್ರ ನಾನು ಹೊಂದಿಸುವ ಬಗೆ

'ಸಿಇ ಸರ್ಟಿಫಿಕೇಟ್ ಕಳಿಸಿ' ಎಂದು ಯುರೋಪಿನ ಖರೀದಿದಾರರು ಕೇಳುತ್ತಲೇ ಇರುತ್ತಾರೆ. ಸಿಇ ಎಂದರೆ ಸರಕು ಯುರೋಪ್ ಒಕ್ಕೂಟದ ನಿಯಮಕ್ಕೆ ಹೊಂದುತ್ತದೆಂದು ತಯಾರಕರು ಹಾಕುವ ಗುರುತು. ಹೊರಾಂಗಣಕ್ಕೆ ಹಾಸುವ ಗ್ರಾನೈಟ್ ಚಪ್ಪಡಿಯ ಮಟ್ಟಿಗೆ ಅಂಥ ಸರ್ಟಿಫಿಕೇಟೇ ಇಲ್ಲ. ಇದಕ್ಕಿರುವ ಯುರೋಪಿನ ಮಾನಕ (ಇಎನ್) ಇಎನ್ 1341, ಅದು ಸಿಸ್ಟಮ್ 4ರ, ಅಂದರೆ ತಯಾರಕರೇ ಎಲ್ಲ ಪರಿಶೀಲಿಸುವ ವಿಧಾನದ, ಅಡಿಯಲ್ಲಿ ಬರುತ್ತದೆ. ಇಲ್ಲಿ ನೋಟಿಫೈಡ್ ಬಾಡಿಯ (ಸರ್ಕಾರ ಮಾನ್ಯ ಮಾಡಿದ ಹೊರಗಿನ ತಪಾಸಣಾ ಸಂಸ್ಥೆ) ಪಾತ್ರವಿಲ್ಲ. ಪರೀಕ್ಷೆ, ಕಾರ್ಖಾನೆಯೊಳಗಿನ ಗುಣಮಟ್ಟ ನಿಯಂತ್ರಣ, ಕಾರ್ಯಕ್ಷಮತೆಯ ಘೋಷಣೆ (ಡಿಒಪಿ) ಮೂರೂ ತಯಾರಕರ ಹೊಣೆ. ದುಡ್ಡು ಪಡೆದು ಅಂದದ ಸರ್ಟಿಫಿಕೇಟ್ ಮಾಡಿಕೊಡುವ ಏಜೆಂಟರಿದ್ದಾರೆ. ಅದು ಗೋಡೆಗೆ ನೇತುಹಾಕಲು ಸರಿ. ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಸರ್ಟಿಫಿಕೇಟ್ ಇದ್ದರೂ ಡಿಒಪಿ ತಪ್ಪುವುದಿಲ್ಲ.

ಮೊದಲ ಕೆಲಸ ಸ್ಯಾಂಪಲ್. ಯಾವ ಕ್ವಾರಿಯ ಕಲ್ಲು, ಯಾವ ಫಿನಿಶ್‌ನಲ್ಲಿ ಹೋಗುತ್ತದೋ ಅದನ್ನೇ ಲ್ಯಾಬಿಗೆ ಕಳಿಸುತ್ತೇನೆ. ಪಾಲಿಶ್ ಮಾಡಿದ ತುಂಡಿನ ವರದಿ ಇಟ್ಟುಕೊಂಡು ಫ್ಲೇಮ್ಡ್ ಕಲ್ಲು ಕಳಿಸಿದರೆ ಜಾರುವಿಕೆಯ ಅಂಕಿ ಸುಳ್ಳಾಗುತ್ತದೆ. ಬೆಂಕಿ ಕೊಟ್ಟ ಮೇಲ್ಮೈಯಲ್ಲಿ ಹರಳು ಸಿಡಿದು ಬಲವೂ ಬದಲಾಗುತ್ತದೆ. ಪರೀಕ್ಷೆಗಳು ಇವು: ಬಾಗುವ ಬಲಕ್ಕೆ ಇಎನ್ 12372, ಹಿಮದ ತಾಳಿಕೆಗೆ ಇಎನ್ 12371, ನೀರು ಹೀರುವಿಕೆಗೆ ಇಎನ್ 13755, ಜಾರುವಿಕೆಗೆ ಇಎನ್ 14231, ಶಿಲಾ ವಿವರಣೆಗೆ ಇಎನ್ 12407. ಹಿಮದ ಪರೀಕ್ಷೆ 56 ಸುತ್ತು ನಡೆಯುತ್ತದೆ, ವಾರಗಟ್ಟಲೆ ಹಿಡಿಯುತ್ತದೆ. ಆರ್ಡರ್ ಕೈಗೆ ಬಂದ ಮೇಲೆ ಶುರು ಮಾಡಿದರೆ ಹಡಗು ತಪ್ಪುತ್ತದೆ.

ಲ್ಯಾಬ್ ವರದಿಯಲ್ಲಿ ಸರಾಸರಿಯೂ ಇರುತ್ತದೆ, ಕನಿಷ್ಠ ನಿರೀಕ್ಷಿತ ಮೌಲ್ಯವೂ ಇರುತ್ತದೆ. ಘೋಷಿಸಬೇಕಾದದ್ದು ಎರಡನೆಯದು. ಸರಾಸರಿ ಚೆನ್ನಾಗಿ ಕಾಣುತ್ತದೆಂದು ಅದನ್ನೇ ಬರೆದವರು ಸಿಕ್ಕಿಬೀಳುವುದು ಇಲ್ಲೇ. ದಪ್ಪವನ್ನೂ ಹಗುರವಾಗಿ ನೋಡಬಾರದು. ಚಪ್ಪಡಿ ತಡೆಯುವ ಭಾರ ದಪ್ಪದ ವರ್ಗಕ್ಕೆ (ದಪ್ಪ × ದಪ್ಪ) ತಕ್ಕಂತೆ ಏರಿಳಿಯುತ್ತದೆ: 30 ಮಿ.ಮೀ. ಅಂದುಕೊಂಡ ಕಲ್ಲು 27 ಬಂದರೆ ಶೇ 19ರಷ್ಟು ತಾಳಿಕೆ ಹೋಯಿತು. ಹಾಗಾಗಿ ಒಡೆಯುವ ಭಾರವನ್ನು ಆ ಲಾಟಿನ ಅತಿ ತೆಳು ದಪ್ಪದಿಂದ ಲೆಕ್ಕ ಹಾಕುತ್ತೇನೆ. ಕ್ಯಾಲಿಪರ್ ಅಳತೆಯ ಹಾಳೆ ಕಾರ್ಖಾನೆ ನಿಯಂತ್ರಣದ ಕಡತಕ್ಕೆ ಸೇರುತ್ತದೆ.

ಡಿಒಪಿಯಲ್ಲಿ ಪರೀಕ್ಷೆ ಮಾಡಿಸದ ಗುಣದ ಎದುರು ಎನ್‌ಪಿಡಿ (ಕಾರ್ಯಕ್ಷಮತೆ ನಿರ್ಧರಿಸಿಲ್ಲ) ಎಂದು ಬರೆಯಬಹುದು, ಆದರೆ ಒಂದಾದರೂ ಗುಣ ಘೋಷಿಸಲೇಬೇಕು. ಕಲ್ಲು ಹಾಸುವ ದೇಶದ ನಿಯಮ ಕೇಳುವ ಗುಣಕ್ಕೆ ಎನ್‌ಪಿಡಿ ಹಾಕಿದರೆ ಮಾಲು ಬಳಕೆಗೆ ಬಾರದು. ಕಲ್ಲಿನ ಹೆಸರು ಇಎನ್ 12440ರ ಪ್ರಕಾರ: ರೂಢಿಯ ಹೆಸರು, ಶಿಲೆಯ ಜಾತಿ, ಬಣ್ಣ, ಸಿಕ್ಕ ಜಾಗ. ಇನ್‌ವಾಯ್ಸಿನಲ್ಲಿ ಮಾರಾಟದ ಹೆಸರು, ಡಿಒಪಿಯಲ್ಲಿ ಬೇರೆ ಹೆಸರು ಇದ್ದರೆ ಪ್ರಶ್ನೆ ಖಂಡಿತ. ಡಿಒಪಿಯನ್ನು ಆ ದೇಶ ಕೇಳುವ ಭಾಷೆಯಲ್ಲೇ ಕೊಟ್ಟು, ಪ್ರತಿಯನ್ನು 10 ವರ್ಷ ಇಟ್ಟುಕೊಳ್ಳಬೇಕು. ಆಮದುದಾರರು ತಮ್ಮದೇ ಬ್ರ್ಯಾಂಡಿನಲ್ಲಿ ಮಾರುವುದಾದರೆ ಕಾನೂನಿನ ಕಣ್ಣಲ್ಲಿ ಅವರೇ ತಯಾರಕರು. ಇದನ್ನು ಕರಾರಿನಲ್ಲೇ ಬರೆಸಿಬಿಡಿ. ಕಟ್ಟಡ ಸಾಮಗ್ರಿಗಳ ಬಗ್ಗೆ ಯುರೋಪ್ ಒಕ್ಕೂಟದ ಹೊಸ ನಿಯಮಾವಳಿ 2024/3110ರ ಬಹುಭಾಗ 2026ರ ಜನವರಿ 8ರಿಂದ ಅನ್ವಯ. ಆದರೂ ಮಾನಕ ಅದರಡಿ ಹೊಸದಾಗಿ ಬರುವತನಕ ಆ ಉತ್ಪನ್ನಕ್ಕೆ ಹಳೆಯ ನಿಯಮಾವಳಿ 305/2011ರ ದಾರಿಯೇ.

ಲೇಬಲ್‌ನಲ್ಲಿ ಸಿಇ ಅಕ್ಷರ 5 ಮಿ.ಮೀ.ಗಿಂತ ಚಿಕ್ಕದಿರಬಾರದು. ಒದ್ದೆ ಕಲ್ಲಿನ ಮೇಲೆ ಕಾಗದ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕ್ರೇಟಿನ ಎರಡು ಬದಿಗೆ ಹೊಡೆಯುತ್ತೇವೆ.

ಕಾಗದವೆಲ್ಲ ಸರಿಯಿದ್ದೂ ಮಾಲು ಬಂದರಿನಲ್ಲಿ ನಿಲ್ಲುವುದು ಮರದಿಂದ. ಮರದ ಪ್ಯಾಕಿಂಗಿನಲ್ಲಿ ಕೀಟ ಹರಡದಂತೆ ಇರುವ ಅಂತರರಾಷ್ಟ್ರೀಯ ನಿಯಮ ಐಎಸ್‌ಪಿಎಂ 15ರ ಪ್ರಕಾರ ಕ್ರೇಟಿನ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಇರಬೇಕು, ತೊಗಟೆ ತೆಗೆದಿರಬೇಕು, ಎಚ್‌ಟಿ (ಶಾಖ ಸಂಸ್ಕರಣೆ) ಮುದ್ರೆ ಓದುವಂತಿರಬೇಕು. ಕ್ರೇಟ್ ಮುದ್ರೆಯದ್ದೇ ಇರುತ್ತದೆ. ಲೋಡಿಂಗ್ ಹುಡುಗರು ಅಲುಗಾಡದಿರಲೆಂದು ಸಂದಿಗೆ ಬಡಿಯುವ ಬೆಣೆ ಮಾತ್ರ ಎಲ್ಲಿಂದಲೋ ತಂದ ಹಸಿ ಮರ. ಬೆಣೆಗೂ ಅದೇ ನಿಯಮ. ಕಂಟೇನರ್ ಬಾಗಿಲು ಹಾಕುವ ಮುಂಚೆ ಬೆಣೆಗಳ ಮುದ್ರೆ ಕಾಣುವಂತೆ ಫೋಟೊ ತೆಗೆದು, ಸೀಲ್ ನಂಬರಿನ ಜೊತೆ ಆಮದುದಾರರಿಗೆ ಕಳಿಸುತ್ತೇನೆ.