ಗೋಲಗುಮ್ಮಟ ನೋಡಿ ಬಂದ ಮ್ಯಾಲೆ ಮನ್ಯಾಗ ಕಪ್ ಫೋನು

ರಜೆಯಾಗ ಮಕ್ಕಳನ್ನ ವಿಜಯಪುರಕ್ಕ ಕರ್ಕೊಂಡು ಹೊಂಟವರು ಗೋಲಗುಮ್ಮಟಕ್ಕ ಮುಂಜಾನೆ ಬಾಗಿಲು ತಗದ ಕೂಡ್ಲೇ ಹೋಗ್ರಿ. ಮಂದಿ ಕೂಡಿದ್ರ ಪಿಸುಗುಟ್ಟುವ ಗ್ಯಾಲರಿ ಸಂತಿ ಆಗ್ತದ. ಖಾಲಿ ಇದ್ದಾಗ ಒಬ್ಬರನ್ನ ಗ್ವಾಡಿಗೆ ಕಿವಿ ಹಚ್ಚಿ ನಿಲ್ಲಿಸ್ರಿ, ಇನ್ನೊಬ್ಬರು ಎದುರು ಬದಿಯಿಂದ ಗ್ವಾಡಿಗೆ ಬಾಯಿ ಹಚ್ಚಿ ಮೆಲ್ಲಗ ಹೆಸರು ಕರೀಲಿ. ನಡುವ ಸುಮಾರು 38 ಮೀಟರ್ ಅದ, ಆದ್ರೂ ಬಾಜೂಕ ನಿಂತು ಅಂದಂಗ ಕೇಳ್ತದ! ಗುಂಡನೆ ಗ್ವಾಡಿ ಹಿಡಕೊಂಡೇ ಧ್ವನಿ ಸಾಗ್ತದ. ಮೆಟ್ಟಲು ಇಕ್ಕಟ್ಟು, ಕಡದು ಅದಾವ, ಸಣ್ಣವರ ಕೈ ಬಿಡಬ್ಯಾಡ್ರಿ.

ಮನಿಗೆ ಬಂದು ಎರಡು ಪೇಪರ್ ಕಪ್ಪಿನ ತಳಕ್ಕ ತೂತು ಮಾಡಿ, ಐದಾರು ಮೀಟರ್ ದಾರ ಪೋಣಿಸಿ, ಒಳಗ ಕಡ್ಡಿ ತುಂಡಿಗೆ ಗಂಟು ಹಾಕ್ರಿ. ದಾರ ಬಿಗಿ ಇದ್ರ ಮಾತು ಕೇಳ್ತದ, ಸಡಿಲಾದ್ರ ಇಲ್ಲ. ಯಾಕಂತ ನೀವು ಹೇಳಬ್ಯಾಡ್ರಿ, ಅವರೇ ಹುಡುಕಲಿ. ನನ್ನ ಮಗಳು ಅರ್ಧ ತಾಸು ಅದರಾಗೇ ಇದ್ಲು.

ಬುತ್ತಿಗೆ ಶೇಂಗಾ ಉಂಡಿ: ಹುರದು ಸಿಪ್ಪಿ ತಗದ ಶೇಂಗಾ ಎರಡು ಬಟ್ಟಲ, ಬೆಲ್ಲ ಒಂದು, ಸ್ವಲ್ಪ ಏಲಕ್ಕಿ. ಎಲ್ಲಾ ಕೂಡಿಸಿ ಕುಟ್ಟಿ ಕೊಟ್ರ, ಉಂಡಿ ಮಕ್ಕಳೇ ಕಟ್ತಾರ.