ಅಕ್ಕಿ ತುಂಬಿದ ಗಾಲಿಚೀಲದೊಂದಿಗೆ ಮೆಟ್ರೊ ಸುರಂಗದಲ್ಲಿ

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ಅತ್ತೆ ಹತ್ತು ಹೆಜ್ಜೆಗಿಂತ ಹೆಚ್ಚು ನಡೆಯಲಾರರು. ಹೀಗಿದ್ದೂ ವರಮಹಾಲಕ್ಷ್ಮಿ ಹಬ್ಬಕ್ಕೆ ಎಂಟು ದಿನ ಇರುವಾಗ, ಕೆ.ಆರ್. ಮಾರ್ಕೆಟ್ಟಿಗೆ ತಾವೇ ಹೋಗಿ ಹೂವು ಆರಿಸಬೇಕೆಂದು ಹಟ ಹಿಡಿದರು. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮನೆ ಬಾಗಿಲಿಗೇ ಹೂವು ಬರುತ್ತದೆ ಎಂದು ಹೇಳಿ ನೋಡಿದೆ. "ಅದು ನಿನ್ನೆಯ ಹೂವು" ಎಂದರು. ಆಟೊ ಹತ್ತಿ ಇಳಿಯುವುದು ಸದ್ಯಕ್ಕೆ ಬೇಡವೆಂದು ಡಾಕ್ಟರು ಹೇಳಿದ್ದರು. ಉಳಿದದ್ದು ಮೆಟ್ರೊ ಮತ್ತು ಮನೆಯಲ್ಲಿದ್ದ ವೀಲ್‌ಚೇರ್.

ಅತ್ತೆಯನ್ನು ಕೂರಿಸಿಕೊಂಡು ಹೊರಟು ನಡುದಾರಿಯಲ್ಲಿ ಪೇಚಾಡುವುದು ಬೇಡವೆಂದು ಮೊದಲು ನಾನೊಬ್ಬಳೇ ಹೋಗಿಬಂದೆ. ಜತೆಗೆ ವೀಲ್‌ಚೇರ್‌ಗೆ ಬದಲಾಗಿ ತರಕಾರಿ ತರುವ ಗಾಲಿಚೀಲ, ಅದರಲ್ಲಿ ಹತ್ತು ಕೆ.ಜಿ. ಅಕ್ಕಿ. ಚೀಲವನ್ನು ಎಲ್ಲಿಯೂ ಕೈಯಿಂದ ಎತ್ತಬಾರದು, ಎಸ್ಕಲೇಟರ್ ಹತ್ತಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ತಪಾಸಣೆಯ ಯಂತ್ರದೊಳಗೆ ಚೀಲ ಹೋದಾಗ ಕಾವಲಿನ ಹೆಂಗಸು ಪರದೆ ನೋಡಿ, "ಏನಮ್ಮ ಇದು, ಮಾರ್ಕೆಟ್ಟಿಗೆ ಅಕ್ಕಿ ತೆಗೆದುಕೊಂಡು ಹೋಗುತ್ತಿದ್ದೀರಾ?" ಎಂದಳು. ವಿಷಯ ಹೇಳಿದೆ. ಅವಳೇ ಮೊದಲ ಉಪಯುಕ್ತ ಮಾತು ಹೇಳಿದ್ದು: ವೀಲ್‌ಚೇರ್ ತರುವ ದಿನ ಒಳಗೆ ಬರುವಾಗಲೇ ಎಲ್ಲಿ ಇಳಿಯುತ್ತೀರೆಂದು ಸಿಬ್ಬಂದಿಗೆ ತಿಳಿಸಿ, ಅವರು ಆ ನಿಲ್ದಾಣಕ್ಕೆ ಹೇಳಿಬಿಡುತ್ತಾರೆ.

ನೆಲದಡಿಯ ನಿಲ್ದಾಣದಲ್ಲಿ ಲಿಫ್ಟ್ ಒಂದೇ ಅಲ್ಲ, ಎರಡು ಸಲ ಹತ್ತಬೇಕು. ರಸ್ತೆಯಿಂದ ಟಿಕೆಟ್ ಕೌಂಟರ್ ಇರುವ ಮಹಡಿಗೆ ಒಂದು, ಗೇಟು ದಾಟಿದ ಮೇಲೆ ಪ್ಲಾಟ್‌ಫಾರ್ಮಿಗೆ ಇನ್ನೊಂದು. ನಡುವಿನ ಗೇಟುಗಳ ಸಾಲಿನಲ್ಲಿ ಅಗಲವಾದದ್ದನ್ನು ಹುಡುಕಬೇಕು. ಉಳಿದವುಗಳಲ್ಲಿ ಕುರ್ಚಿ ಹಿಡಿಸುವುದಿಲ್ಲ. ಎಲ್ಲ ದ್ವಾರಗಳಲ್ಲೂ ಲಿಫ್ಟ್ ಇರುವುದಿಲ್ಲ. ಆದ್ದರಿಂದ ಹೋಗುವ ಜಾಗಕ್ಕೆ ಹತ್ತಿರದ ದ್ವಾರ ಯಾವುದು ಎಂದು ಕೇಳಿ ಪ್ರಯೋಜನವಿಲ್ಲ, ಲಿಫ್ಟ್ ಇರುವ ದ್ವಾರ ಯಾವುದು ಎಂದು ಕೇಳಬೇಕು. ನನ್ನ ಪುಟ್ಟ ನೋಟ್‌ಬುಕ್‌ನಲ್ಲಿ ಇಷ್ಟನ್ನೇ ಬರೆದುಕೊಂಡೆ.

ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಗಬೇಕು. ಎರಡರ ಪ್ಲಾಟ್‌ಫಾರ್ಮ್‌ಗಳು ಬೇರೆ ಬೇರೆ ಮಟ್ಟದಲ್ಲಿವೆ. ರೈಲಿನಿಂದ ಇಳಿದ ಜನ ಒಂದೇ ಕಡೆ ನುಗ್ಗುತ್ತಾರೆ, ನಾನೂ ನುಗ್ಗಿದೆ. ಹೋಗಿ ನಿಂತದ್ದು ಎಸ್ಕಲೇಟರ್ ಮುಂದೆ! ಹಳೆಯ ಅಭ್ಯಾಸ, ಕಾಲು ತನಗೆ ಗೊತ್ತಿದ್ದ ಕಡೆಗೇ ಹೋಗುತ್ತದೆ. ಬಂದ ದಾರಿಯಲ್ಲೇ ಚೀಲ ಎಳೆದುಕೊಂಡು ಹಿಂತಿರುಗಿ ಲಿಫ್ಟ್ ಹುಡುಕಿದೆ.

ಅಂದು ಮರಳುವಾಗ ಕಾಫಿ ಕುಡಿಯೋಣವೆಂದು ಮೆಜೆಸ್ಟಿಕ್‌ನಲ್ಲಿ ಹೊರಗೆ ಬಂದೆ. ಫುಟ್‌ಪಾತ್ ಮೇಲೆ ಚೀಲ ಬಿಟ್ಟು ಪರ್ಸ್ ತೆಗೆಯುವಷ್ಟರಲ್ಲಿ ಅದು ತಾನಾಗಿ ಬಸ್ ನಿಲ್ದಾಣದ ಕಡೆಗೆ ಉರುಳತೊಡಗಿತು. ಇಷ್ಟು ವರ್ಷ ಓಡಾಡಿದ ಜಾಗ, ಅಲ್ಲಿ ಇಳಿಜಾರಿದೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ಕೆರೆಯ ಕಡೆಗೆ ಇಳಿಜಾರು ಇಲ್ಲದೆ ಇನ್ನೇನು?" ಎಂದರು. ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪೇಟೆಯ ಜನ ಕುಡಿದದ್ದು ಅದರ ನೀರನ್ನು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲದಾಯಿತು. ಅದು ಬತ್ತಿ ಸುಭಾಷ್‌ನಗರ ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣವಾಯಿತು. ಅತ್ತೆ ನೋಡಿದ್ದು ಮೈದಾನವನ್ನು, ಕೆರೆಯ ಸುದ್ದಿ ಕೇಳಿದ್ದು ಅವರ ಅಜ್ಜಿಯಿಂದ. ಆ ಏರಿ ಈಗಿಲ್ಲ, ತೂಬೂ ಇಲ್ಲ. ದಡದ ಅಣ್ಣಮ್ಮನ ಗುಡಿ ಉಳಿದಿದೆ, ನೆಲದ ಇಳಿಜಾರು ಉಳಿದಿದೆ. ಆ ನೆಲದಡಿ ಸುರಂಗ ಕೊರೆಯಲು ಬಂದ ಕೆಲವು ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಎಂದು ಹೆಸರಿಟ್ಟಿದ್ದರು ಎಂದಾಗ ಮಾತ್ರ ಅತ್ತೆ ಜೋರಾಗಿ ನಕ್ಕರು. "ಕೆರೆ ಮುಚ್ಚಿ ನದಿ ತಂದರಾ?"

ಹೊರಟದ್ದು ಒಂದು ಬುಧವಾರ ಬೆಳಗಿನ ಐದೂವರೆಗೆ. ಹೂವೂ ತಾಜಾ, ರೈಲೂ ಖಾಲಿ. ಎಂಟು ಗಂಟೆಯ ಮೇಲೆ ವೀಲ್‌ಚೇರ್ ತೆಗೆದುಕೊಂಡು ಹೋಗುವ ಧೈರ್ಯ ನನಗೆ ಇಂದಿಗೂ ಇಲ್ಲ. ಮಾಗಡಿ ರಸ್ತೆ ನಿಲ್ದಾಣ ದಾಟಿ ರೈಲು ನೆಲದೊಳಗೆ ಇಳಿಯುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ನೇರಳೆ ಮಾರ್ಗದ ಈ ಸುರಂಗದಲ್ಲಿ ರೈಲು ಓಡತೊಡಗಿದ್ದು 2016ರ ಏಪ್ರಿಲ್ ಕೊನೆಯಲ್ಲಿ, ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೊ ಅದು. ಮಾರ್ಕೆಟ್ಟಿಗೆ ಹೋಗುವ ಹಸಿರು ಮಾರ್ಗದ ಸುರಂಗ ತೆರೆದದ್ದು 2017ರ ಜೂನ್‌ನಲ್ಲಿ. ಎಂಟು ದಶಕ ಇದೇ ಊರಲ್ಲಿ ಬದುಕಿದ ಅತ್ತೆ ಊರಿನ ಕೆಳಗೆ ಹೋದದ್ದು ಆ ಬುಧವಾರವೇ ಮೊದಲು.

ಪ್ಲಾಟ್‌ಫಾರ್ಮಿನ ಹಳದಿ ಪಟ್ಟಿಯ ಮೇಲೆ ಕುರ್ಚಿ ಗಡಗಡ ಎಂದಾಗ, "ನುಣುಪಾದ ನೆಲಕ್ಕೆ ಈ ಗುಬುಟುಗಳನ್ನು ಯಾರು ಹಚ್ಚಿದರು?" ಎಂದು ಅತ್ತೆ ಗೊಣಗಿದರು. ಅಷ್ಟರಲ್ಲಿ ಬಿಳಿ ಕೋಲು ಹಿಡಿದ ಒಬ್ಬ ಹುಡುಗ ಅದೇ ಪಟ್ಟಿ ಹಿಡಿದು ಬಂದ. ಉದ್ದ ಗೆರೆಗಳಿದ್ದಲ್ಲಿ ಸಲೀಸಾಗಿ ನಡೆದ, ಚುಕ್ಕೆಗಳು ಸಿಕ್ಕಿದ ಕೂಡಲೇ ನಿಂತ. ಗೆರೆ ಎಂದರೆ ಮುಂದೆ ಹೋಗು, ಚುಕ್ಕೆ ಎಂದರೆ ನಿಲ್ಲು. ನಾನು ಕುರ್ಚಿಯನ್ನು ಪಕ್ಕಕ್ಕೆ ಎಳೆದೆ. ಆಮೇಲೆ ಅತ್ತೆಯೇ "ಪಟ್ಟಿ ಬಿಟ್ಟು ತಳ್ಳು" ಎನ್ನತೊಡಗಿದರು.

ಮಾರ್ಕೆಟ್ಟಿನಲ್ಲಿ ರೈಲಿನಿಂದ ಇಳಿಯುವಾಗ ತಪ್ಪು ಮಾಡಿದೆ. ಕುರ್ಚಿಯನ್ನು ಮುಂಭಾಗವಾಗಿಯೇ ನೂಕಿದೆ. ಮುಂದಿನ ಪುಟ್ಟ ಗಾಲಿ ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿನಲ್ಲಿ ಅಡ್ಡ ತಿರುಗಿ ಸಿಕ್ಕಿಕೊಂಡಿತು. ಅತ್ತೆ ಮುಂದಕ್ಕೆ ಮುಗ್ಗರಿಸಿದರು. ಬಾಗಿಲ ಬಳಿ ನಿಂತಿದ್ದ ಹುಡುಗನೊಬ್ಬ ಕುರ್ಚಿಯ ಮುಂಭಾಗವನ್ನು ಎತ್ತಿ ಇಳಿಸಿದ. ನನ್ನ ಎದೆ ಲಿಫ್ಟ್ ಸೇರುವವರೆಗೂ ಹೊಡೆದುಕೊಳ್ಳುತ್ತಿತ್ತು.

ಅತ್ತೆಯ ಗಮನ ಬೇರೆಡೆಗೆ ತಿರುಗಲೆಂದು ಫಿರಂಗಿಗಳ ಕಥೆ ತೆಗೆದೆ. 2012ರಲ್ಲಿ ಈ ನಿಲ್ದಾಣಕ್ಕಾಗಿ ನೆಲ ಅಗೆಯುವಾಗ ಟಿಪ್ಪು ಕಾಲದವೆನ್ನುವ ಎರಡು ಕಬ್ಬಿಣದ ಫಿರಂಗಿಗಳು ಸಿಕ್ಕಿದ್ದವು. ಕೋಟೆ ಪಕ್ಕದಲ್ಲೇ ಇದೆ; 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿದದ್ದು ಇದೇ ಕೋಟೆಯನ್ನು. 1920ರ ದಶಕದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಟ್ಟಡ ಎದ್ದದ್ದು ಸಿದ್ದಿಕಟ್ಟೆ ಎಂಬ ಕೆರೆಯ ಜಾಗದಲ್ಲಿ. "ಇಲ್ಲೂ ಕೆರೆಯೇ?" ಎಂದರು ಅತ್ತೆ. "ಹಾಗಾದರೆ ಕುರ್ಚಿ ಗಟ್ಟಿಯಾಗಿ ಹಿಡಿದುಕೋ."

ನಿಜವಾದ ಕಷ್ಟ ಶುರುವಾದದ್ದು ಲಿಫ್ಟ್ ಬಾಗಿಲು ರಸ್ತೆಗೆ ತೆರೆದ ಮೇಲೆ. ಕೆಳಗೆ ಕನ್ನಡಿಯಂತಹ ನೆಲ. ಮೇಲೆ ಒಂದು ಗೇಣಿಗೂ ಮಿಕ್ಕಿದ ಫುಟ್‌ಪಾತ್ ಅಂಚು, ಮಣ್ಣಾದ ಬಾಳೆಎಲೆ, ಕೊತ್ತಂಬರಿ ಕಟ್ಟುಗಳ ನೀರು. ರ‍್ಯಾಂಪ್‌ಗೆ ಇರಬೇಕಾದ ಲೆಕ್ಕ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅಂಗಡಿಯವರು ಕೈಗಾಡಿ ಹತ್ತಿಸಲು ಇಟ್ಟಿದ್ದ ಹಲಗೆ ಗೋಡೆಗೆ ಒರಗಿಸಿದ ಏಣಿಯಂತಿತ್ತು. ಅದರ ಮೇಲೆ ನೂಕಲು ಹೊರಟ ನನ್ನನ್ನು ಕಂಡು ಹಮಾಲಿಯೊಬ್ಬರು ಬುಟ್ಟಿ ಇಳಿಸಿ ಬಂದರು. "ಮುಂದಕ್ಕೆ ನೂಕಬೇಡಿ ತಾಯಿ. ತಿರುಗಿಸಿ, ಹಿಂದಕ್ಕೆ ಎಳೆಯಿರಿ. ದೊಡ್ಡ ಚಕ್ರ ಮೊದಲು ಹೋಗಬೇಕು." ಅವರೇ ತಿರುಗಿಸಿ, ಒಂದೇ ಎಳೆತಕ್ಕೆ ಅಂಚು ಹತ್ತಿಸಿದರು. ಹಣ ಕೊಡಲು ಹೋದರೆ ಆಗಲೇ ಬುಟ್ಟಿ ಹೊತ್ತು ನಡೆದಿದ್ದರು.

ಮಾರುಕಟ್ಟೆಯ ಒಳಗೆ ಕುರ್ಚಿ ಹೋಗುವಂತಿರಲಿಲ್ಲ. ರಸ್ತೆ ಬದಿಯ ಹೂವಿನವಳು ಮೊರವನ್ನೇ ತಂದು ಅತ್ತೆಯ ತೊಡೆಯ ಮೇಲಿಟ್ಟಳು. ಇಬ್ಬರೂ ಕಾಲು ಗಂಟೆ ಚೌಕಾಸಿ ಮಾಡಿದರು. ಸೇವಂತಿಗೆ, ತಾವರೆ, ಒಂದು ಜತೆ ಬಾಳೆಕಂದು.

ಮರಳುವಾಗ ಇನ್ನೊಂದು ಪಾಠವಾಯಿತು. ಹಣ್ಣು ತೆಂಗಿನಕಾಯಿಯ ಚೀಲವನ್ನು ಕುರ್ಚಿಯ ಹಿಡಿಗೆ ನೇತುಹಾಕಿದ್ದೆ. ಲಿಫ್ಟ್‌ನಲ್ಲಿ ಸೀರೆ ಸರಿಮಾಡಿಕೊಳ್ಳಲು ಅತ್ತೆ ಕಂಬಿ ಹಿಡಿದು ಎದ್ದರು ನೋಡಿ, ಖಾಲಿ ಕುರ್ಚಿ ಹಿಂದಕ್ಕೆ ಮಗುಚಿತು. ಅಂದಿನಿಂದ ಭಾರವೆಲ್ಲ ಸೀಟಿನ ಕೆಳಗೆ. ಮೆಜೆಸ್ಟಿಕ್‌ನಲ್ಲೂ ವಿಜಯನಗರದಲ್ಲೂ ಹಮಾಲಿ ಹೇಳಿಕೊಟ್ಟಂತೆ ಬೆನ್ನುಮುಖವಾಗಿ ಇಳಿಸಿದೆ. ದೊಡ್ಡ ಗಾಲಿಗಳು ಸಂದನ್ನು ಸದ್ದಿಲ್ಲದೆ ದಾಟಿದವು.

ಮನೆ ತಲುಪಿದ ಮೇಲೆ ಅತ್ತೆ ಹೂವಿಗೆ ನೀರು ಚಿಮುಕಿಸುತ್ತಾ, ಮುಂದಿನ ತಿಂಗಳು ಅಣ್ಣಮ್ಮನ ಗುಡಿಗೆ ಹೋಗೋಣವೇ ಎಂದು ಕೇಳಿದರು. ನಾನು ಗಾಲಿಚೀಲದಿಂದ ಡಬ್ಬಿಗೆ ಸುರಿದಿದ್ದ ಅಕ್ಕಿಯನ್ನು ಮತ್ತೆ ಅಳೆಯತೊಡಗಿದೆ.